ಚಿಕಿತ್ಸೆ ಮುಗಿಯಿತು, ಇನ್ನು ಯಾರ ಹತ್ತಿರ ಕೇಳುವುದು? ಕ್ಯಾನ್ಸರ್ ನಂತರದ ಬದುಕಿಗೆ ಅದೇ ದಾರಿ ನಡೆದವರ ಆಸರೆ

ಕೊನೆಯ ರೇಡಿಯೇಷನ್ ಮುಗಿಸಿ ಬಂದ ವಾರ ಮನೆ ತುಂಬಾ ಜನ. ಗಲ್ಫ್‌ನಿಂದ ಮಗನ ವೀಡಿಯೊ ಕಾಲ್, ಮಸೀದಿಯಿಂದ ಬಂದವರ ವಿಚಾರಣೆ, ಸಂಬಂಧಿಕರ ಕೈಯಲ್ಲಿ ಕಿತ್ತಳೆ, ಸೇಬಿನ ಚೀಲ. "ಇನ್ನೆಂಥ, ಎಲ್ಲ ಮುಗೀತಲ್ಲ, ಅಲ್‌ಹಮ್ದುಲಿಲ್ಲಾಹ್" ಎಂದು ಹೇಳಿ ಎಲ್ಲರೂ ಹೋಗುತ್ತಾರೆ. ಕಿತ್ತಳೆಯ ಹುಳಿ ತಾಗಿದರೆ ಬಾಯಿಗೆ ಬೆಂಕಿ ಇಟ್ಟ ಹಾಗೆ ಆಗುತ್ತದೆಂದು ತಂದವರಿಗೆ ಗೊತ್ತಿಲ್ಲ. ಸೇಬು ಕಚ್ಚುವಷ್ಟು ಬಾಯಿ ತೆರೆಯುವುದಿಲ್ಲ ಎಂಬುದೂ ಗೊತ್ತಿಲ್ಲ. ಒಂದು ತಿಂಗಳು ಕಳೆಯುವಾಗ ಬರುವವರು ಕಡಿಮೆಯಾಗುತ್ತಾರೆ. ರೋಗಿಯ ಬಾಯಿ ಮಾತ್ರ ಹಾಗೆಯೇ ಇರುತ್ತದೆ.

ಕ್ಯಾನ್ಸರ್ ಬಗ್ಗೆ ಕರಾವಳಿಯಲ್ಲಿ ನಡೆಯುವ ಮಾತುಕತೆಯಲ್ಲಿ ಎರಡೇ ವಿಷಯ. ಒಂದು, ರೋಗ ಬರದ ಹಾಗೆ ನೋಡುವುದು. ಇನ್ನೊಂದು, ಬಂದರೆ ಆಪರೇಷನ್‌ಗೆ ಹಣ ಒಟ್ಟುಗೂಡಿಸುವುದು. ಹಣ ಒಟ್ಟುಗೂಡಿಸುವುದರಲ್ಲಿ ಬ್ಯಾರಿ ಸಮುದಾಯ ಹಿಂದೆ ಬಿದ್ದದ್ದಿಲ್ಲ, ಜಮಾಅತ್, ಯುವಕರ ಸಂಘ, ಗಲ್ಫ್‌ನ ಗೆಳೆಯರು ಎಲ್ಲರೂ ಕೈ ಹಾಕುತ್ತಾರೆ. ಆದರೆ ಆಪರೇಷನ್ ಆಗಿ, ಕಿಮೋ ಆಗಿ, ರೇಡಿಯೇಷನ್ ಆಗಿ, ಬದುಕಿ ಉಳಿದವರು ಮುಂದಿನ ಹತ್ತಿಪ್ಪತ್ತು ವರ್ಷ ಹೇಗೆ ಬದುಕುತ್ತಾರೆ ಎಂಬುದು ಮೂರನೆಯ ವಿಷಯ. ಅದನ್ನು ಕೇಳುವವರು ಕಡಿಮೆ.

ಚಿಕಿತ್ಸೆ ನಡೆಯುವಾಗ ದಿನಾ ಯಾರಾದರೂ ನೋಡುತ್ತಾರೆ. ತಲೆ, ಕತ್ತಿನ ಭಾಗದ ರೇಡಿಯೇಷನ್ ಸಾಮಾನ್ಯವಾಗಿ ಆರೇಳು ವಾರ, ವಾರಕ್ಕೆ ಐದು ದಿನ. ಅಷ್ಟೂ ದಿನ ನರ್ಸ್, ಟೆಕ್ನಿಷಿಯನ್, ಪಕ್ಕದ ಬೆಂಚಿನ ಇನ್ನೊಬ್ಬ ರೋಗಿ ಇರುತ್ತಾರೆ. ಮುಗಿದ ಮರುದಿನ ಇವರು ಯಾರೂ ಇಲ್ಲ. ಮುಂದಿನ ಚೆಕಪ್ ಒಂದು ತಿಂಗಳಿಗೋ ಮೂರು ತಿಂಗಳಿಗೋ. ಅಲ್ಲಿ ಡಾಕ್ಟರಿಗೆ ಸಿಗುವುದು ಹತ್ತು ನಿಮಿಷ, ಆ ಹತ್ತು ನಿಮಿಷದಲ್ಲಿ ಅವರು ಹುಡುಕುವುದು ರೋಗ ಮರಳಿ ಬಂದಿದೆಯೇ ಎಂದು. ಅದು ಅವರ ಕೆಲಸ, ಅದನ್ನೇ ಅವರು ಮಾಡಬೇಕು. ರೋಗಿಯ ಪ್ರಶ್ನೆ ಬೇರೆ ಇರುತ್ತದೆ. "ಉಪ್ಪಿನ ರುಚಿ ಯಾವಾಗ ಬರ್ತದೆ? ರಾತ್ರಿ ಕೈ ಯಾಕೆ ಜುಮ್ ಅಂತದೆ? ಮದುವೆ ಮನೆಗೆ ಹೋದ್ರೆ ಎಲ್ಲಿ ಕೂತ್ಕೊಳ್ಳೋದು?" ಇದನ್ನು ಕೇಳಿ ಡಾಕ್ಟರ ಸಮಯ ಹಾಳು ಮಾಡುವುದು ಯಾಕೆ ಎಂದು ಹೆಚ್ಚಿನವರು ಸುಮ್ಮನಿರುತ್ತಾರೆ.

ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವವರು ಊರಲ್ಲೇ ಇದ್ದಾರೆ. ಎರಡು ಬೀದಿ ಆಚೆ, ನಾಲ್ಕು ವರ್ಷದ ಹಿಂದೆ ಅದೇ ಆಪರೇಷನ್ ಆದವರು. ಅಂಥವರು ಹೊಸಬರ ಜೊತೆ ಕೂತು ಮಾತಾಡುವುದಕ್ಕೆ ವೈದ್ಯಕೀಯದಲ್ಲಿ ಒಂದು ಸ್ಥಾನ ಉಂಟು, ಅದರದ್ದೇ ಒಂದು ಚರಿತ್ರೆಯೂ ಉಂಟು.

ಒಬ್ಬ ಮಹಿಳೆ, ಒಂದು ಚೆಂಡು, ಒಂದು ಹಗ್ಗ

1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲಾಸರ್ ಎಂಬ ಮಹಿಳೆಗೆ ಕ್ಯಾನ್ಸರ್‌ನಿಂದಾಗಿ ಒಂದು ಸ್ತನ ತೆಗೆಯಲಾಯಿತು. ಆ ಕಾಲದ ಆಪರೇಷನ್ ಎಂದರೆ ಸ್ತನದ ಜೊತೆ ಎದೆಯ ಮಾಂಸಖಂಡ, ಕಂಕುಳಿನ ಗ್ರಂಥಿಗಳು ಎಲ್ಲ ಹೋಗುತ್ತಿದ್ದವು. ಕೈ ಮೇಲೆತ್ತುವುದು ಹೇಗೆ, ಬಟ್ಟೆಯ ಒಳಗೆ ಏನಿಟ್ಟುಕೊಳ್ಳುವುದು, ಗಂಡನಿಗೆ ಏನು ಹೇಳುವುದು ಎಂದು ಅವರಿಗೆ ಹೇಳಿಕೊಟ್ಟವರಿಲ್ಲ. ತಾನೇ ಕಲಿತರು. ಆಮೇಲೆ ಅದೇ ಆಪರೇಷನ್ ಆದ ಇತರ ಮಹಿಳೆಯರ ಹಾಸಿಗೆಯ ಬಳಿಗೆ ಹೋಗತೊಡಗಿದರು. ಕೈಯ ವ್ಯಾಯಾಮಕ್ಕೆ ಒಂದು ಚೆಂಡು, ಒಂದು ಹಗ್ಗ, ಒಳಉಡುಪಿನಲ್ಲಿ ಇಟ್ಟುಕೊಳ್ಳಲು ತಾತ್ಕಾಲಿಕ ಕೃತಕ ಸ್ತನ, ಇಷ್ಟೇ ಅವರ ಚೀಲದಲ್ಲಿದ್ದದ್ದು. ಇದಕ್ಕಿಂತ ದೊಡ್ಡದು ಅವರೇ ಎದುರು ನಿಂತದ್ದು. ಆಪರೇಷನ್ ಆದ ಹೆಣ್ಣೊಬ್ಬಳು ನೆಟ್ಟಗೆ ನಿಂತು, ಚಂದ ಬಟ್ಟೆ ಹಾಕಿ, ನಗುತ್ತಾ ಮಾತಾಡುವುದನ್ನು ಹಾಸಿಗೆಯಲ್ಲಿದ್ದವಳು ಕಣ್ಣಾರೆ ಕಂಡಳು. ಇದು ಬೆಳೆದು ಒಂದು ಕಾರ್ಯಕ್ರಮವಾಯಿತು, 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅದನ್ನು ತನ್ನದಾಗಿ ಮಾಡಿಕೊಂಡಿತು. ಧ್ವನಿಪೆಟ್ಟಿಗೆ ತೆಗೆಸಿಕೊಂಡವರ ಅಂತಾರಾಷ್ಟ್ರೀಯ ಸಂಘ ಹುಟ್ಟಿದ್ದೂ ಅದೇ 1952ರಲ್ಲಿ.

ಭಾರತದಲ್ಲೂ ಇದು ಹೊಸದಲ್ಲ. ಮುಂಬೈಯಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ 1951ರಿಂದ ಇದೆ. ಹೊಟ್ಟೆಯಲ್ಲಿ ಚೀಲ ಇಟ್ಟುಕೊಂಡು ಬದುಕುವವರಿಗಾಗಿಯೇ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಉಂಟು. ಕೇರಳದವರಿಗಂತೂ ಇಂಥ ಕೆಲಸದ ಅಡಿಪಾಯ ಮನೆ ಬಾಗಿಲಲ್ಲೇ ಇದೆ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಶುರು ಮಾಡಿದ ಪಾಲಿಯೇಟಿವ್ ಸೊಸೈಟಿಯಿಂದ ಬೆಳೆದ ಚಳವಳಿ ಮಲಬಾರಿನ ಊರೂರಿಗೆ ಹಬ್ಬಿತು. 2008ರಲ್ಲಿ ಕೇರಳ ಸರಕಾರ ಅದಕ್ಕಾಗಿಯೇ ನೀತಿ ತಂದಿತು. ಇವತ್ತು ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಪಂಚಾಯತ್ ಮಟ್ಟದಲ್ಲಿ ಮನೆಗೆ ಬರುವ ಪಾಲಿಯೇಟಿವ್ ನರ್ಸ್ ಇದ್ದಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. "ಪಾಲಿಯೇಟಿವ್‌ನವರು ಬಂದಿದ್ದಾರೆ" ಎಂದರೆ "ಇನ್ನು ಹೆಚ್ಚು ದಿನ ಇಲ್ಲ" ಎಂದೇ ಊರವರು ಅರ್ಥ ಮಾಡುತ್ತಾರೆ. ಇದರಿಂದಾಗಿ ಗುಣವಾದವರು ಆ ಜೀಪು ಮನೆ ಮುಂದೆ ನಿಲ್ಲುವುದಕ್ಕೇ ಹೆದರುತ್ತಾರೆ. ನೋವು, ಗಾಯದ ಆರೈಕೆ, ಬೀಗಿದ ಕೈ, ಹೊಟ್ಟೆಯ ಚೀಲ, ಇವೆಲ್ಲ ಅವರಿಗೆ ಗೊತ್ತಿರುವ ಕೆಲಸಗಳೇ. ಬದುಕುವವರಿಗೂ ಅವರು ಬೇಕು.

ಬಾಯಿ

ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ತುಟಿ ಮತ್ತು ಬಾಯಿಯದ್ದು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ತೋಟವೇ ಅನ್ನ ಕೊಡುವ ಸೀಮೆಯಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ. ಆದರೂ ಚಿಕಿತ್ಸೆ ಮುಗಿದವರು ಮತ್ತೆ ಬಾಯಿಗೆ ಬೀಡ ಹಾಕಿದರೆ ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ. ಚಟ ಬಿಡಿಸುವುದಕ್ಕೆ ಡಾಕ್ಟರ ಗದರಿಕೆಗಿಂತ, ಅದೇ ಚಟ ಬಿಟ್ಟ ಒಬ್ಬ ಮುದುಕ ಜಗಲಿಯಲ್ಲಿ ಕೂತು "ಮೊದಲ ಹದಿನೈದು ದಿನ ತಲೆ ಕೆಟ್ಟು ಹೋಗ್ತದೆ, ಆಮೇಲೆ ಇಲ್ಲ" ಎಂದು ಹೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆರೋಗ್ಯವಂತರು ತಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಹಿಡಿಯಬಲ್ಲರು. ದವಡೆಯ ಆಪರೇಷನ್, ರೇಡಿಯೇಷನ್ ಆದವರಲ್ಲಿ ಮಾಂಸಖಂಡ ಬಿಗಿದು ಒಂದು ಬೆರಳೂ ಹೋಗದ ಸ್ಥಿತಿ ಬರಬಹುದು. ಇದಕ್ಕೆ ಫಿಸಿಯೋಥೆರಪಿಯವರು ಕೊಡುವ ಅಗ್ಗದ ಉಪಾಯ ಐಸ್‌ಕ್ರೀಂ ಕಡ್ಡಿ. ಎಷ್ಟು ಕಡ್ಡಿ ಒಟ್ಟಿಗೆ ಹಲ್ಲಿನ ಮಧ್ಯೆ ಹೋಗುತ್ತದೆ ನೋಡಿ, ಅಷ್ಟನ್ನು ಇಟ್ಟು ಸ್ವಲ್ಪ ಹೊತ್ತು ಹಿಡಿಯುವುದು, ದಿನಕ್ಕೆ ಹಲವು ಸಲ. ದಿನ ಕಳೆದ ಹಾಗೆ ಇನ್ನೊಂದು ಕಡ್ಡಿ ಸೇರಿಸುವುದು. ಕಾಗದದ ಮೇಲೆ ಸುಲಭ. ಆದರೆ ನೋವಾಗುತ್ತದೆ, ಕೆಲವು ವಾರ ಏನೂ ವ್ಯತ್ಯಾಸ ಕಾಣುವುದಿಲ್ಲ, ಮನುಷ್ಯ ಬಿಟ್ಟುಬಿಡುತ್ತಾನೆ. ಬಿಟ್ಟರೆ ಮತ್ತೆ ಬಿಗಿಯುತ್ತದೆ. "ಇವತ್ತು ಎಷ್ಟು ಕಡ್ಡಿ?" ಎಂದು ವಾರಕ್ಕೊಮ್ಮೆ ಫೋನ್ ಮಾಡಿ ಕೇಳುವ ಒಬ್ಬ ಜೊತೆಗಾರ ಇದ್ದರೆ ಬಿಡುವುದು ಕಷ್ಟವಾಗುತ್ತದೆ. ಈ ಫೋನಿಗೆ ಡಾಕ್ಟರಿಗೆ ಪುರುಸೊತ್ತಿಲ್ಲ, ಮನೆಯವರು ಕೇಳಿದರೆ ಸಿಟ್ಟು ಬರುತ್ತದೆ.

ಜೊಲ್ಲು ಒಣಗುವುದು ಇನ್ನೊಂದು. ರೇಡಿಯೇಷನ್ ಜೊಲ್ಲಿನ ಗ್ರಂಥಿಗಳನ್ನು ಸುಡುತ್ತದೆ. ನೀರಿನ ಬಾಟಲಿ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ರಾತ್ರಿ ನಾಲಗೆ ಅಂಗಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಿಗೆ ಸೋಡ ಹಾಕಿ ಆಗಾಗ ಬಾಯಿ ಮುಕ್ಕಳಿಸುವುದು ಆಸ್ಪತ್ರೆಗಳೇ ಹೇಳುವ ಕ್ರಮ. ರುಚಿ ಹೆಚ್ಚಿನವರಿಗೆ ತಿಂಗಳುಗಳಲ್ಲಿ ನಿಧಾನಕ್ಕೆ ಮರಳುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ. ಗಂಜಿ, ಚೆನ್ನಾಗಿ ಬೆಂದ ಮೀನು, ಸಾರಿನಲ್ಲಿ ನೆನೆದ ಪತ್ತಿರ್ ಇಳಿಯುತ್ತದೆ, ಬಿರಿಯಾನಿಯ ಉದುರು ಅನ್ನ ಇಳಿಯುವುದಿಲ್ಲ. ಹಸಿಮೆಣಸಿನ ಬದಲು ಏನು, ಹುಳಿಯ ಬದಲು ಏನು ಎಂಬ ಅಡುಗೆ ಮನೆಯ ವಿದ್ಯೆ ಯಾವ ಡಿಸ್ಚಾರ್ಜ್ ಕಾಗದದಲ್ಲೂ ಇರುವುದಿಲ್ಲ. ಅದು ಇರುವುದು ಈ ದಾರಿ ನಡೆದವರ ಹೆಂಡತಿಯರ ಹತ್ತಿರ. ಆದ್ದರಿಂದ ಭೇಟಿ ಎಂದರೆ ಗಂಡಸರಿಬ್ಬರ ಭೇಟಿ ಮಾತ್ರ ಆಗಬಾರದು.

ರಂಝಾನ್ ಬಂದಾಗ ಇನ್ನೊಂದು ಸಂಕಟ. ಒಣಬಾಯಿಯಲ್ಲಿ ಉಪವಾಸ ಹಿಡಿಯಬಹುದೇ? ರೋಗಿಗೆ ರಿಯಾಯಿತಿ ಇದೆ ಎಂದು ಎಲ್ಲರಿಗೂ ಗೊತ್ತು. ಆದರೂ "ಹುಷಾರಾದವನು ಯಾಕೆ ಹಿಡಿಯುವುದಿಲ್ಲ?" ಎಂಬ ನೋಟಕ್ಕೆ ಹೆದರಿ ಹಿಡಿಯುವವರಿದ್ದಾರೆ. ಔಷಧದ ಹೊತ್ತು, ಶರೀರದ ಸ್ಥಿತಿ ಡಾಕ್ಟರ ಹತ್ತಿರ, ರಿಯಾಯಿತಿಯ ವಿಷಯ ಉಸ್ತಾದರ ಹತ್ತಿರ ಕೇಳಬೇಕು. ಕಳೆದ ವರ್ಷ ಅದೇ ಸ್ಥಿತಿಯಲ್ಲಿ ಇದ್ದವರು ಏನು ಮಾಡಿದರು ಎಂದು ಕೇಳಿದರೆ, ಕೊನೆಗೆ ಆ ಇಬ್ಬರ ಹತ್ತಿರ ಹೋಗುವ ಧೈರ್ಯವಾದರೂ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಲ್ಲು. ದವಡೆಗೆ ರೇಡಿಯೇಷನ್ ಆದವರು, ಐದು ವರ್ಷ ಕಳೆದಿರಲಿ, ಹತ್ತು ವರ್ಷ ಕಳೆದಿರಲಿ, ಪೇಟೆಯ ಕ್ಲಿನಿಕ್ಕಿಗೆ ಹೋಗಿ ಸುಮ್ಮನೆ ಹಲ್ಲು ಕೀಳಿಸಬಾರದು. ರೇಡಿಯೇಷನ್ ಬಿದ್ದ ಮೂಳೆಗೆ ರಕ್ತ ಸಂಚಾರ ಕಡಿಮೆ. ಹಲ್ಲು ಕಿತ್ತ ಗಾಯ ಮಾಯದೆ ದವಡೆಯ ಮೂಳೆಯೇ ಸಾಯಬಹುದು. ಮೊದಲು ಕ್ಯಾನ್ಸರ್ ಡಾಕ್ಟರ ಅಭಿಪ್ರಾಯ, ಆಮೇಲೆ ಹಲ್ಲು. ರೇಡಿಯೇಷನ್ ಎಷ್ಟು, ಎಲ್ಲಿಗೆ ಕೊಟ್ಟರು ಎಂಬ ಕಾಗದವನ್ನು ಜೀವಮಾನವಿಡೀ ಜೋಪಾನ ಮಾಡಬೇಕು. ಹಾಗೆಯೇ ಕತ್ತಿಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಸಾಮಾನ್ಯ. ಸುಸ್ತು, ಮೈ ಭಾರ, ಚಳಿ, ಮಂಕು ಎಲ್ಲವನ್ನೂ "ಕ್ಯಾನ್ಸರ್‌ನ ನಿಶ್ಶಕ್ತಿ" ಎಂದು ಬಿಟ್ಟುಬಿಡುತ್ತಾರೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮಾಡಿಸುವ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ, ದಿನಕ್ಕೊಂದು ಮಾತ್ರೆಯಲ್ಲಿ ಸರಿಹೋಗುತ್ತದೆ.

ಧ್ವನಿಪೆಟ್ಟಿಗೆಯನ್ನೇ ತೆಗೆದವರದ್ದು ಬೇರೆ ಲೋಕ. ಅವರು ಉಸಿರಾಡುವುದು ಕತ್ತಿನ ತೂತಿನಿಂದ. ತೋಡಿಗೆ, ಹೊಳೆಗೆ ಇಳಿಯುವ ಹಾಗಿಲ್ಲ, ತೂತಿಗೆ ನೀರು ಹೋದರೆ ನೇರ ಶ್ವಾಸಕೋಶಕ್ಕೆ. ಪ್ರಜ್ಞೆ ತಪ್ಪಿದರೆ ಮೂಗಿಗೆ ಆಕ್ಸಿಜನ್ ಇಟ್ಟು ಪ್ರಯೋಜನವಿಲ್ಲ, ಕತ್ತಿಗೇ ಇಡಬೇಕು. ಇದು ಮನೆಯ ಮಕ್ಕಳಿಗೂ ಗೊತ್ತಿರಬೇಕು. ಮಾತು ಮರಳಿ ಪಡೆಯಲು ಮೂರು ದಾರಿ ಉಂಟು: ಗಾಳಿ ನುಂಗಿ ಅನ್ನನಾಳದಿಂದ ಸ್ವರ ತರುವುದು, ಕತ್ತಿಗೆ ಹಿಡಿಯುವ ಸಣ್ಣ ಯಂತ್ರ, ಒಳಗೆ ಕೂರಿಸುವ ವಾಲ್ವ್. ಆಮದು ವಾಲ್ವ್ ದುಬಾರಿ. ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ಅದಕ್ಕೆ ಬದಲಾಗಿ ಅತಿ ಕಡಿಮೆ ಬೆಲೆಯ 'ಓಂ' ಎಂಬ ವಾಲ್ವ್ ರೂಪಿಸಿದರು. ಅನ್ನನಾಳದ ಸ್ವರವನ್ನು ಪುಸ್ತಕ ಓದಿ ಕಲಿಯಲಾಗದು. ಹಾಗೆ ಮಾತಾಡುವ ಒಬ್ಬರು ಎದುರು ಕೂತು ಕಲಿಸಬೇಕು.

ಕೈ, ಬೆರಳು, ಹೊಟ್ಟೆ

ಭಾರತದ ಹೆಂಗಸರಲ್ಲಿ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರ್. ಕಂಕುಳಿನ ಗ್ರಂಥಿ ತೆಗೆದ ಕಡೆ ದ್ರವ ಇಳಿಯದೆ ಕೈ ಬೀಗುತ್ತದೆ. ಆಪರೇಷನ್ ಆದ ಕೂಡಲೇ ಬರಬೇಕೆಂದಿಲ್ಲ, ವರ್ಷಗಳ ಮೇಲೂ ಬರಬಹುದು. ಬಳೆ ಬಿಗಿಯಾಗುವುದು, ಉಂಗುರ ಹೊರಗೆ ಬಾರದಿರುವುದು, ಬುರ್ಖಾದ ಒಂದು ತೋಳು ಮಾತ್ರ ಬಿಗಿದ ಹಾಗೆ ಅನಿಸುವುದು ಮೊದಲ ಸೂಚನೆ. ಆಗಲೇ ಹೋದರೆ ಹಿಡಿತಕ್ಕೆ ಬರುತ್ತದೆ, ಆನೆಕಾಲಿನ ಹಾಗೆ ಗಟ್ಟಿಯಾದ ಮೇಲೆ ಕಷ್ಟ. ಆ ಕೈಗೆ ಸಣ್ಣ ಗಾಯವಾದರೂ ಸೋಂಕು ಬೇಗ ಹತ್ತುತ್ತದೆ. ಮೀನು ಕೊಯ್ಯುವಾಗ ಬಂಗುಡೆಯ ಮುಳ್ಳು ಚುಚ್ಚಿದ್ದು ಸಾಕು. ಗ್ಲೌಸ್ ಹಾಕದೆ ಮೀನು ಮುಟ್ಟಬಾರದು. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಬೆಳಗ್ಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹಿಂದೆ "ಆ ಕೈಯಲ್ಲಿ ಏನೂ ಎತ್ತಬೇಡ" ಎಂದು ಹೇಳುತ್ತಿದ್ದರು, ಈಗಲೂ ಅತ್ತೆ, ನಾದಿನಿಯರು ಹಾಗೇ ಹೇಳುತ್ತಾರೆ. 2009ರಲ್ಲಿ ಅಮೆರಿಕದಲ್ಲಿ ಕೈ ಬೀಗಿದ 141 ಮಹಿಳೆಯರ ಮೇಲೆ ನಡೆದ ಒಂದು ಅಧ್ಯಯನ ಇದನ್ನು ತಿರುಗಿಸಿತು. ತರಬೇತಿ ಪಡೆದವರ ಕಣ್ಣೆದುರು, ಸ್ವಲ್ಪಸ್ವಲ್ಪವೇ ಭಾರ ಹೆಚ್ಚಿಸುತ್ತಾ ವ್ಯಾಯಾಮ ಮಾಡಿದವರ ಕೈ ಇನ್ನಷ್ಟು ಬೀಗಲಿಲ್ಲ, ಬದಲಿಗೆ ತೊಂದರೆ ಉಲ್ಬಣಿಸುವುದು ಕಡಿಮೆಯಾಯಿತು. ಒಮ್ಮೆಗೇ ನೀರಿನ ಕೊಡ ಎತ್ತುವುದು ಬೇರೆ, ಕ್ರಮದಲ್ಲಿ ಕೈಗೆ ಕೆಲಸ ಕೊಡುವುದು ಬೇರೆ. ಬಿಗಿ ತೋಳುಚೀಲ ದಿನವಿಡೀ ಹಾಕಬೇಕು ಎಂದು ಹೇಳುವುದು ಸುಲಭ, ಮೇ ತಿಂಗಳ ಬೆವರಿನಲ್ಲಿ ಅದನ್ನು ಹೇಗೆ ಸಹಿಸುವುದು, ಎರಡು ಇಟ್ಟುಕೊಂಡು ಹೇಗೆ ಒಗೆದು ಒಣಗಿಸುವುದು ಎಂಬುದು ಹಾಕಿದವರಿಗೇ ಗೊತ್ತು. ಬಟ್ಟೆಯೊಳಗೆ ಇಡಲು ಹತ್ತಿ ನೂಲಿನಲ್ಲಿ ಹೆಣೆದ ಹಗುರದ ಕೃತಕ ಸ್ತನವನ್ನು ಉಚಿತವಾಗಿ ಕೊಡುವ ಸ್ವಯಂಸೇವಕಿಯರು ಭಾರತದಲ್ಲೂ ಇದ್ದಾರೆ. ಕ್ರೋಶಾ ಹಾಕಲು ಬರುವ ಹೆಣ್ಣುಮಕ್ಕಳಿಗೆ ಕರಾವಳಿಯಲ್ಲಿ ಬರಗಾಲವಿಲ್ಲ.

ಕೆಲವು ಕಿಮೋ ಔಷಧಗಳು ಬೆರಳ ತುದಿಯ, ಪಾದದ ನರಗಳನ್ನು ಹಾಳು ಮಾಡುತ್ತವೆ. ಜುಮ್ ಎನ್ನುವುದು, ಮರಗಟ್ಟುವುದು, ಸೂಜಿ ಚುಚ್ಚಿದ ಹಾಗೆ ಆಗುವುದು. ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸಿಗೆ ಇದರ ಅರ್ಥ ಏನೆಂದು ಯೋಚಿಸಬೇಕು. ಎಲೆ ಕತ್ತರಿಸುವ ಕತ್ತರಿ ಜಾರುತ್ತದೆ, ನೂಲು ಸುತ್ತಲು ಆಗುವುದಿಲ್ಲ, ದಿನಕ್ಕೆ ಕಟ್ಟುತ್ತಿದ್ದ ಬೀಡಿ ಅರ್ಧಕ್ಕೆ ಇಳಿಯುತ್ತದೆ. ಹೊಲಿಗೆಯವರದ್ದೂ ಅದೇ ಪಾಡು. ಕಾಲಿನಿಂದ ಚಪ್ಪಲಿ ಜಾರಿ ಹೋದದ್ದೇ ಗೊತ್ತಾಗುವುದಿಲ್ಲ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಎಲ್ಲರಿಗೂ ಪೂರ್ತಿ ಹೋಗುವುದಿಲ್ಲ. ನೋವು ಕಡಿಮೆ ಮಾಡುವ ಔಷಧ ಡಾಕ್ಟರ ಹತ್ತಿರ ಉಂಟು, ಕೇಳಿದರೆ ಮಾತ್ರ ಕೊಡುತ್ತಾರೆ. ಬಿಸಿನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ ಆಮೇಲೆ ಸ್ನಾನ, ಹಿಂದೆ ಪಟ್ಟಿ ಇರುವ ಚಪ್ಪಲಿ, ರಾತ್ರಿ ಪಾದ ಪರೀಕ್ಷೆ ಇವೆಲ್ಲ ಅನುಭವಿಗಳ ಪಾಠ.

ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಹೊಟ್ಟೆಗೆ ಚೀಲ ಬಂದವರ ಮಾತು ಊರಲ್ಲಿ ಕೇಳಿಬರುವುದೇ ಇಲ್ಲ, ಅವರು ಹೊರಗೆ ಬರುವುದನ್ನೇ ನಿಲ್ಲಿಸುತ್ತಾರೆ. ವಾಸನೆಯ ಹೆದರಿಕೆ, ಚೀಲ ಬಿಚ್ಚಿಕೊಳ್ಳುವ ಹೆದರಿಕೆ. ಮಸೀದಿಗೆ ಹೋಗುವವರಿಗೆ ಇದರ ಮೇಲೆ ಇನ್ನೊಂದು ಪ್ರಶ್ನೆ: ಚೀಲ ಇರುವಾಗ ವುಳೂ ನಿಲ್ಲುತ್ತದಾ, ನಮಾಝ್ ಆಗುತ್ತದಾ? ಯಾರನ್ನೂ ಕೇಳಲಾಗದೆ ತಿಂಗಳುಗಟ್ಟಲೆ ಮನೆಯಲ್ಲೇ ಕೂರುತ್ತಾರೆ. ತನ್ನ ಹಿಡಿತದಲ್ಲಿಲ್ಲದ ವಿಸರ್ಜನೆ ಇರುವವರು ಪ್ರತಿ ಫರ್ಳ್ ನಮಾಝಿಗೆ ಹೊತ್ತಾದ ಮೇಲೆ ಹೊಸ ವುಳೂ ಮಾಡಿ ನಮಾಝ್ ಮಾಡಬಹುದು ಎಂಬ ರಿಯಾಯಿತಿ ಫಿಕ್ಹ್‌ನಲ್ಲಿ ಹಿಂದಿನಿಂದಲೂ ಇದೆ. ತನ್ನ ಸ್ಥಿತಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಊರಿನ ಉಸ್ತಾದರ ಹತ್ತಿರ ಒಮ್ಮೆ ಕೇಳಿದರೆ ಆಯಿತು. ಚೀಲ ಇಟ್ಟುಕೊಂಡೇ ಜುಮಾಕ್ಕೆ ಹೋಗುವವನೊಬ್ಬ "ಬನ್ನಿ, ಒಟ್ಟಿಗೆ ಹೋಗುವ" ಎಂದರೆ ಬಾಗಿಲು ತೆರೆಯುತ್ತದೆ.

ಮಕ್ಕಳಾಗಿದ್ದಾಗ ರಕ್ತದ ಕ್ಯಾನ್ಸರ್ ಬಂದು ಗುಣವಾದವರು ಈಗ ಯುವಕ, ಯುವತಿಯರಾಗಿದ್ದಾರೆ. ಅವರ ಮನೆಯವರು ಆ ಫೈಲನ್ನು ಕಪಾಟಿನ ಅಡಿಗೆ ಹಾಕಿ ಬೀಗ ಹಾಕುತ್ತಾರೆ, ಮದುವೆ ಮಾತು ಮುರಿಯಬಾರದೆಂದು. ಹೆದರಿಕೆ ಅರ್ಥವಾಗುತ್ತದೆ. ಆದರೆ ಆ ಫೈಲು ಬೇಕು. ಆಗ ಕೊಟ್ಟ ಕೆಲವು ಔಷಧ, ರೇಡಿಯೇಷನ್ ಮುಂದೆ ಹೃದಯದ ಮೇಲೆ, ಮಕ್ಕಳಾಗುವುದರ ಮೇಲೆ ಪರಿಣಾಮ ಬೀರಬಹುದು, ಅದಕ್ಕೆ ಆಗಾಗ ಪರೀಕ್ಷೆ ಬೇಕು. ಗುಣವಾದವರಲ್ಲಿ ಮದುವೆಯಾಗಿ ಮಕ್ಕಳಾದವರು ಧಾರಾಳ. ಅಂಥ ಒಬ್ಬ ಯುವತಿ ಇನ್ನೊಬ್ಬಳ ತಾಯಿಯ ಹತ್ತಿರ ಅರ್ಧ ಗಂಟೆ ಮಾತಾಡಿದರೆ ಬೀಗ ಸ್ವಲ್ಪ ಸಡಿಲವಾಗಬಹುದು. ಮುಚ್ಚಿಟ್ಟು ಮದುವೆ ಮಾಡಿದರೆ ಆ ಹುಡುಗಿ ಜೀವನಪೂರ್ತಿ ಗುಟ್ಟಾಗಿ ಚೆಕಪ್‌ಗೆ ಹೋಗಬೇಕಾಗುತ್ತದೆ, ಅಥವಾ ಹೋಗುವುದೇ ಇಲ್ಲ.

ಇದರಿಂದ ಆಯುಷ್ಯ ಹೆಚ್ಚುತ್ತದೆಯೇ?

ಪ್ರಾಮಾಣಿಕ ಉತ್ತರ ಬೇಕು. 1989ರಲ್ಲಿ ಅಮೆರಿಕದ ಡೇವಿಡ್ ಸ್ಪೀಗಲ್ ಎಂಬ ವೈದ್ಯರು, ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ವೈದ್ಯರ ನೇತೃತ್ವದಲ್ಲಿ ವಾರವಾರ ಒಟ್ಟು ಸೇರಿ ಮಾತಾಡುತ್ತಿದ್ದವರು ಸರಾಸರಿ ಸುಮಾರು ಒಂದೂವರೆ ವರ್ಷ ಹೆಚ್ಚು ಬದುಕಿದ್ದರು. ಪ್ರಪಂಚವೇ ಬೆರಗಾಯಿತು. ಆಮೇಲೆ ಅದನ್ನೇ ಪರೀಕ್ಷಿಸಲು ಕೆನಡಾದಲ್ಲಿ 235 ಮಹಿಳೆಯರ ಮೇಲೆ ನಡೆದ ಅಧ್ಯಯನ 2001ರಲ್ಲಿ ಬಂತು. ಆಯುಷ್ಯದಲ್ಲಿ ವ್ಯತ್ಯಾಸ ಸಿಗಲಿಲ್ಲ. ಆದರೆ ನೋವು ಕಡಿಮೆಯಾಗಿತ್ತು, ಮನಸ್ಸಿನ ಬೇಗೆ ಕಡಿಮೆಯಾಗಿತ್ತು, ಮುಖ್ಯವಾಗಿ ಮೊದಲೇ ತುಂಬಾ ಕುಗ್ಗಿಹೋಗಿದ್ದವರಲ್ಲಿ. ಆದ್ದರಿಂದ "ಧೈರ್ಯ ಇದ್ದರೆ ಕ್ಯಾನ್ಸರ್ ಓಡ್ತದೆ" ಎಂದು ರೋಗಿಯ ಮುಂದೆ ಹೇಳುವುದು ಸುಳ್ಳು ಮಾತ್ರವಲ್ಲ, ಕ್ರೌರ್ಯ. ರೋಗ ಮರಳಿ ಬಂದವರು ತನಗೆ ಧೈರ್ಯ ಸಾಲಲಿಲ್ಲವೇನೋ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಮಲಯಾಳಂ ನಟ ಇನ್ನಸೆಂಟ್ ಅವರ 'ಕ್ಯಾನ್ಸರ್ ವಾರ್ಡಿಲೆ ಚಿರಿ' ಪುಸ್ತಕವನ್ನು ಗಡಿಯ ಈಚೆಗಿನವರೂ ಓದಿದ್ದಾರೆ. 2012ರಲ್ಲಿ ಕ್ಯಾನ್ಸರ್ ಪತ್ತೆಯಾದ ಮೇಲೆ ಅವರು 2014ರಲ್ಲಿ ಚಾಲಕುಡಿಯಿಂದ ಸಂಸದರಾದರು, ಸಿನಿಮಾ ಮಾಡಿದರು, 2023ರಲ್ಲಿ ತೀರಿಕೊಂಡರು. ಆ ಪುಸ್ತಕ ಯಾರ ರೋಗವನ್ನೂ ಗುಣ ಮಾಡಿಲ್ಲ. ಆದರೆ ಕ್ಯಾನ್ಸರ್ ಎಂಬ ಶಬ್ದವನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದ ಎಷ್ಟೋ ಮನೆಗಳಲ್ಲಿ ಅದನ್ನು ನಗುತ್ತಾ ಹೇಳಲು ಕಲಿಸಿತು.

ಅನುಭವಿಯ ಆಸರೆ ಎಂದರೆ ಔಷಧ ಹೇಳುವುದಲ್ಲ. "ನನಗೆ ಈ ಮಾತ್ರೆ ಕೊಟ್ಟಿದ್ರು, ನೀವೂ ತಗೊಳ್ಳಿ" ಎಂಬ ಮಾತು ಬಂದ ಕೂಡಲೇ ಕೆಲಸ ಕೆಡುತ್ತದೆ. ಮುಳ್ಳು ರಾಮಫಲದ ಎಲೆಯ ಕಷಾಯ ಕಿಮೋಗಿಂತ ಸಾವಿರ ಪಾಲು ಶಕ್ತಿಶಾಲಿ ಎಂಬ ವಾಟ್ಸ್‌ಆ್ಯಪ್ ಸಂದೇಶ ಕೇರಳ, ಕರಾವಳಿಯಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಮನುಷ್ಯರಲ್ಲಿ ಅದು ಕ್ಯಾನ್ಸರ್ ಗುಣಪಡಿಸಿದ ಪುರಾವೆ ಇಲ್ಲ, ಹೆಚ್ಚು ಸೇವಿಸಿದರೆ ನರಗಳಿಗೆ ಹಾನಿಯಾಗಬಹುದೆಂಬ ಶಂಕೆ ಮಾತ್ರ ಇದೆ. ಗುಂಪಿನಲ್ಲಿ ಇಂಥದ್ದನ್ನು ಫಾರ್ವರ್ಡ್ ಮಾಡುವವರನ್ನು ಎರಡನೇ ಸಲಕ್ಕೆ ಹೊರಗಿಡುವುದೇ ಒಳ್ಳೆಯದು.

ಕೇಳಿದ್ದನ್ನು ಮನೆಯಲ್ಲೂ ಹೇಳದಿರುವುದು ಇನ್ನೊಂದು ಕಟ್ಟುನಿಟ್ಟು. ಎಲ್ಲರಿಗೂ ಎಲ್ಲರೂ ಸಂಬಂಧಿಕರಾಗಿರುವ ಊರಿನಲ್ಲಿ ಇದು ಕಷ್ಟವೆಂದು ಒಪ್ಪಿಕೊಂಡೇ ಹೊರಡಬೇಕು. ಕೆಲವೊಮ್ಮೆ ಪಕ್ಕದ ಊರಿನವರೇ ಒಳ್ಳೆಯದು. ಯಾರಾದರೂ ಬದುಕೇ ಬೇಡ ಎಂದು ಮಾತಾಡಿದರೆ, ರಕ್ತ ಬಂದರೆ, ಹೊಸ ಗಂಟು ಕಂಡರೆ, ಉಸಿರು ಕಟ್ಟಿದರೆ, ನುಂಗಿದ್ದು ಕೆಮ್ಮಿನಲ್ಲಿ ಬಂದರೆ ಅದು ಜೊತೆಗಾರ ಇಟ್ಟುಕೊಳ್ಳುವ ಮಾತಲ್ಲ, ಅದೇ ದಿನ ಡಾಕ್ಟರಿಗೆ ತಲುಪಬೇಕು. ಮೊನ್ನೆ ಮೊನ್ನೆ ಚಿಕಿತ್ಸೆ ಮುಗಿಸಿದವರನ್ನು ಇನ್ನೊಬ್ಬರ ಭಾರ ಹೊರಲು ಕಳಿಸಬಾರದು, ಒಂದು ವರ್ಷವಾದರೂ ಕಳೆಯಲಿ. ಗುಂಪಿನಲ್ಲಿ ಒಬ್ಬರು ತೀರಿಕೊಂಡಾಗ ಉಳಿದವರು ನಡುಗುತ್ತಾರೆ, ಆ ದಿನ ಅವರನ್ನು ನೋಡಿಕೊಳ್ಳಲು ಒಬ್ಬ ನರ್ಸೋ ಆಪ್ತಸಮಾಲೋಚಕರೋ ಬೇಕು. ಇನ್ನು ಕೆಲವರಿಗೆ ಯಾರ ಆಸರೆಯೂ ಬೇಡ, ರೋಗವನ್ನು ಮರೆಯಬೇಕು ಅಷ್ಟೇ. ಅದೂ ಸರಿ.

ಗಡಿನಾಡಿನಲ್ಲಿ ಎಲ್ಲಿಂದ ಶುರು

ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿ.ಮೀ., ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನೂರು ಕಿ.ಮೀ.ಗಿಂತ ಆಚೆ, ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್ ರಾತ್ರಿಯ ರೈಲು. ಮನೆಯಲ್ಲಿ ಆಡುವುದು ಬ್ಯಾರಿ, ಓದುವುದು ಕನ್ನಡ, ತಲಶ್ಶೇರಿಯಲ್ಲಿ ಹೇಳಿಕೊಡುವುದು ಮಲಯಾಳಂ, ಕಾಗದ ಬರೆಯುವುದು ಇಂಗ್ಲಿಷ್. 2020ರ ಮಾರ್ಚ್‌ನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ಡಾಕ್ಟರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ಇಷ್ಟು ದೂರ, ಇಷ್ಟು ಭಾಷೆಗಳ ನಡುವೆ, ನಡೆದು ಹೋಗುವ ದೂರದಲ್ಲಿ ಸ್ವಂತ ಭಾಷೆಯಲ್ಲಿ ಮಾತಾಡುವ ಒಬ್ಬ ಜೊತೆಗಾರನ ಬೆಲೆ ಇತರ ಕಡೆಗಳಿಗಿಂತ ಹೆಚ್ಚು.

ದೊಡ್ಡ ಸಂಘ, ಲೆಟರ್‌ಹೆಡ್, ಉದ್ಘಾಟನೆ ಬೇಕಿಲ್ಲ. ಇಬ್ಬರು ಸಾಕು. ಪಂಚಾಯತ್‌ನ ಪಾಲಿಯೇಟಿವ್ ನರ್ಸ್‌ಗೆ, ಕರ್ನಾಟಕದ ಕಡೆಯಾದರೆ ಆಶಾ ಕಾರ್ಯಕರ್ತೆಗೆ, ಯಾರ ಮನೆಯಲ್ಲಿ ಯಾವ ತೊಂದರೆ ಎಂದು ಗೊತ್ತಿರುತ್ತದೆ. ಹೆಸರು ಹೇಳುವುದು ಬೇಡ, "ನಿಮ್ಮ ನಂಬರ್ ಒಬ್ಬರಿಗೆ ಕೊಡಲಾ?" ಎಂದು ಅವರು ಎರಡೂ ಕಡೆ ಕೇಳಿದರೆ ಸಾಕು. ಚಿಕಿತ್ಸೆ ನೀಡಿದ ಡಾಕ್ಟರಿಗೂ ತಿಳಿಸುವುದು ಒಳ್ಳೆಯದು. ಬಾಯಿಯವರಿಗೆ ಬಾಯಿಯವರು, ಕೈಯವರಿಗೆ ಕೈಯವರು ಸಿಗಬೇಕು, ಕ್ಯಾನ್ಸರ್ ಎಂಬ ಹೆಸರು ಒಂದೇ ಆದರೂ ಕಷ್ಟ ಬೇರೆ. ಹೆಂಗಸರ ಭೇಟಿ ಹೆಂಗಸರ ಮನೆಯಲ್ಲೇ ಆಗಲಿ, ಮಗ ಬಾಗಿಲಲ್ಲಿ ಕಾಯುವುದು ಬೇಡ.

ಜನ ಹೆಚ್ಚಾಗಿ ತಿಂಗಳಿಗೊಮ್ಮೆ ಸೇರುವ ಹಾಗಾದರೆ, ಮದ್ರಸ ರಜೆಯ ದಿನ ಹಾಲ್ ಸಿಗುತ್ತದೆ. ಚಾಪೆ ಬೇಡ, ಕುರ್ಚಿ ಹಾಕಬೇಕು, ಆಪರೇಷನ್ ಆದವರಿಗೆ ನೆಲದಿಂದ ಏಳುವುದು ಕಷ್ಟ. ಟಾಯ್ಲೆಟ್ ಹತ್ತಿರ ಇರಬೇಕು. ಪ್ರತಿ ಕುರ್ಚಿಯ ಪಕ್ಕ ಒಂದು ಬಾಟಲಿ ನೀರು. ಸುಲೈಮಾನಿ ಆರಿಸಿ ಕೊಡಬೇಕು, ಲಿಂಬೆ ಹಿಂಡಬಾರದು. ತಿಂಡಿಗೆ ಮೆದು ಏನಾದರೂ ಇರಲಿ, ಚಮಚ ಸಣ್ಣದಿರಲಿ. ತಿನ್ನುವಾಗ ಯಾರ ಬಾಯಿಂದಲಾದರೂ ಸ್ವಲ್ಪ ಜಾರಿದರೆ ಟಿಶ್ಯೂ ಪೇಪರ್ ಮೇಜಿನ ಮೇಲೇ ಉಂಟು, ಅಲ್ಲಿ ಕೂತವರೆಲ್ಲ ಅದೇ ಪೇಪರ್ ಬಳಸುವವರೇ.